ಕೌಂಟರಿನಿಂದ ಶುರುವಾಗಬೇಕಾದ ಯೋಜನೆ

(ಸಾರ್ವಜನಿಕ ಗ್ರಂಥಾಲಯಗಳ ಸಿಬ್ಬಂದಿಯ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಎಲ್ಲರಿಗೂ ನಮಸ್ಕಾರ.

ಸಂಜೆ ಆರು ಗಂಟೆಗೆ ಒಂದು ಶಾಖಾ ಗ್ರಂಥಾಲಯದ ಕೌಂಟರಿನ ಮುಂದೆ ನಿಂತಿದ್ದೀರಿ ಅಂದುಕೊಳ್ಳಿ. ಒಬ್ಬ ಹುಡುಗಿ ಬಂದು ‘ಸಾರ್, ನರ್ಸಿಂಗ್ ಪುಸ್ತಕ ಕನ್ನಡದಲ್ಲಿ ಇದ್ಯಾ?’ ಅಂತ ಕೇಳುತ್ತಾಳೆ. ‘ಇಲ್ಲಮ್ಮ’ ಅನ್ನುತ್ತಾರೆ ಕೌಂಟರಿನವರು. ಅವಳು ಹೋಗುತ್ತಾಳೆ. ಹತ್ತು ಸೆಕೆಂಡಿನ ಮಾತುಕತೆ, ಅಷ್ಟೆ. ಈ ಹತ್ತು ಸೆಕೆಂಡು ನಮ್ಮ ಯಾವ ವಹಿಯಲ್ಲೂ ದಾಖಲಾಗುವುದಿಲ್ಲ. ಎರವಲು ವಹಿಯಲ್ಲಿ ಇರುವುದು ಕೊಟ್ಟ ಪುಸ್ತಕ. ಸಂದರ್ಶಕರ ವಹಿಯಲ್ಲಿ ಇರುವುದು ಬಂದವರ ಸಹಿ. ತಿಂಗಳ ಕೊನೆಗೆ ನಾವು ಕಳಿಸುವ ಅಂಕಿ ಅಂಶಗಳಲ್ಲಿ ಎಷ್ಟು ಜನ ಬಂದರು, ಎಷ್ಟು ಪುಸ್ತಕ ಹೋಯಿತು ಎಂಬುದಿದೆ. ಕೇಳಿದ್ದು ಸಿಗದೆ ಬರಿಗೈಲಿ ಹೋದವರ ಲೆಕ್ಕ ಎಲ್ಲೂ ಇಲ್ಲ.

ಮುಂದಿನ ವರ್ಷದ ಯೋಜನೆಯನ್ನು ಇದೇ ಅಂಕಿ ಅಂಶ ಇಟ್ಟುಕೊಂಡು ಮಾಡಿದರೆ ಏನಾಗುತ್ತದೆ? ಈಗಾಗಲೇ ಹೋಗುತ್ತಿರುವುದನ್ನೇ ಇನ್ನಷ್ಟು ತರಿಸುವ ಯೋಜನೆಯಾಗುತ್ತದೆ. ಸಿಗದೆ ಹೋದವರು ಯೋಜನೆಯ ಒಳಗೆ ಬರುವುದೇ ಇಲ್ಲ. ಆದರೆ ಅವರನ್ನು ಕಂಡವರು ನಮ್ಮಲ್ಲೇ ಇದ್ದಾರೆ. ‘ಇಲ್ಲಮ್ಮ’ ಎಂದ ಕೌಂಟರಿನವರಿಗೆ ಗೊತ್ತು. ಪುಸ್ತಕ ವಾಪಸ್ ಜೋಡಿಸುವ ಅಟೆಂಡರ್‌ಗೆ ಗೊತ್ತು. ಗಾಲಿಕುರ್ಚಿಯಲ್ಲಿ ಬಂದವರು ಮೆಟ್ಟಿಲು ನೋಡಿ ಹಿಂದಕ್ಕೆ ಹೋದದ್ದು ಗೇಟಿನ ಕಾವಲುಗಾರನಿಗೆ ಗೊತ್ತು. ಮಹಿಳೆಯರು ಸಂಜೆ ಎಷ್ಟು ಹೊತ್ತಿಗೆ ಎದ್ದು ಹೋಗುತ್ತಾರೆ, ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂಬುದು ಕಸ ಗುಡಿಸುವ ಅಮ್ಮನಿಗೆ ಗೊತ್ತು. ಹಾಗಾಗಿ ಓದುಗರ ಸೇವೆಯ ಯೋಜನೆ ಮಾಡುವಾಗ ಇವರನ್ನು ಸಭೆಗೆ ಕರೆಯುವುದು ಯೋಜನೆಯ ಕಚ್ಚಾ ಸಾಮಗ್ರಿಗಾಗಿಯೇ. ಸೌಜನ್ಯಕ್ಕೆ ಕರೆದು ಕೂರಿಸಿ ಚಹಾ ಕೊಟ್ಟು ಕಳಿಸುವುದಾದರೆ ಕರೆಯದಿರುವುದೇ ವಾಸಿ.

ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಕ್ಕೆ ಕಾನೂನಿನ ಬೆಂಬಲವಿದೆ. 1965ರ ಕಾಯಿದೆ ಇದೆ. ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಇದೆ. ಅಂದರೆ ಮನೆ ಕಟ್ಟಿಕೊಂಡ ಪ್ರತಿಯೊಬ್ಬರೂ ಈ ಸೇವೆಗೆ ಮೊದಲೇ ದುಡ್ಡು ಕೊಟ್ಟಿದ್ದಾರೆ. ಆ ಹುಡುಗಿಯ ಮನೆಯವರೂ ಕೊಟ್ಟಿದ್ದಾರೆ. ಬಾಡಿಗೆ ಮನೆಯಾದರೆ ಬಾಡಿಗೆಯ ಒಳಗೇ ಆ ದುಡ್ಡು ಸೇರಿದೆ. ಅವಳು ನಮ್ಮ ಹತ್ತಿರ ಉಪಕಾರ ಕೇಳಲು ಬಂದವಳಲ್ಲ.

ಇನ್ನು ಕೆಲಸಕ್ಕೆ ಬರೋಣ. ಸಭೆಗಿಂತ ಮುಖ್ಯವಾದದ್ದು ಸಭೆಗೆ ಮುಂಚಿನ ನಾಲ್ಕು ವಾರ. ಸಭೆಯಲ್ಲಿ ಕೂತು ನೆನಪು ಮಾಡಿಕೊಂಡು ಹೇಳಿದರೆ ಜೋರಾಗಿ ಮಾತಾಡುವವರ ನೆನಪೇ ಗೆಲ್ಲುತ್ತದೆ. ಅದಕ್ಕೆ ಮೊದಲು ಬರೆದಿಡಬೇಕು.

ಪ್ರತಿ ಕೌಂಟರಿನಲ್ಲಿ 200 ಪುಟದ ಒಂದು ಉದ್ದ ನೋಟ್‌ಬುಕ್ ಇಡಿ. ಇದನ್ನು ‘ಇಲ್ಲ’ ವಹಿ ಎಂದು ಕರೆಯೋಣ. ನಾಲ್ಕು ಕಲಂ ಸಾಕು: ದಿನ ಮತ್ತು ಹೊತ್ತು, ಕೇಳಿದ್ದು ಏನು, ಏಕೆ ಕೊಡಲಾಗಲಿಲ್ಲ, ಬೇರೆ ಏನಾದರೂ ಕೊಟ್ಟೆವೋ. ‘ಏಕೆ’ ಎಂಬ ಕಲಂನಲ್ಲಿ ವಿವರಣೆ ಬೇಡ, ಒಂದು ಅಂಕಿ ಬರೆದರೆ ಸಾಕು. 1 ಅಂದರೆ ಆ ಪುಸ್ತಕ ನಮ್ಮಲ್ಲಿ ಇಲ್ಲವೇ ಇಲ್ಲ. 2 ಅಂದರೆ ದಾಖಲೆಯಲ್ಲಿದೆ, ಕಪಾಟಿನಲ್ಲಿ ಸಿಗಲಿಲ್ಲ. 3 ಅಂದರೆ ಬೇರೆ ಓದುಗರ ಬಳಿ ಇದೆ. 4 ಅಂದರೆ ಇದೆ, ಪರಾಮರ್ಶನ ಪುಸ್ತಕವಾದ್ದರಿಂದ ಮನೆಗೆ ಕೊಡುವಂತಿಲ್ಲ. 5 ಅಂದರೆ ಕೇಳಿದ್ದು ಪುಸ್ತಕವನ್ನಲ್ಲ. ಕೂರಲು ಜಾಗ, ಜೆರಾಕ್ಸ್, ಅರ್ಜಿ ತುಂಬಲು ಸಹಾಯ, ಕುಡಿಯುವ ನೀರು, ಇಂಥದ್ದು.

ಎರಡನೇ ಕಲಂ ಬಗ್ಗೆ ಒಂದು ಮಾತು. ಅಲ್ಲಿ ಓದುಗರ ಮಾತನ್ನೇ ಬರೆಯಬೇಕು. ಅಡಿಕೆ ಬೆಳೆಗಾರರೊಬ್ಬರು ಬಂದು ‘ಹಿಂಗಾರ ಒಣಗ್ತಾ ಇದೆ, ಅದರ ಬಗ್ಗೆ ಏನಾದ್ರೂ ಇದ್ಯಾ’ ಎಂದು ಕೇಳುತ್ತಾರೆ. ಹಿಂಗಾರ ಅಂದರೆ ಅಡಿಕೆಯ ಹೂಗೊಂಚಲು. ನಾವು ಅಭ್ಯಾಸಬಲದಿಂದ ‘ಕೃಷಿ ಪುಸ್ತಕ’ ಎಂದು ಬರೆದುಬಿಡುತ್ತೇವೆ. ಅಲ್ಲಿಗೆ ಮುಗಿಯಿತು. ಆರು ತಿಂಗಳ ನಂತರ ಆಯ್ಕೆ ಪಟ್ಟಿ ಮಾಡುವವರು ಆ ನಮೂದನ್ನು ನೋಡಿ ಸಾವಯವ ಕೃಷಿಯ ಮೇಲೆ ಹತ್ತು ಪುಸ್ತಕ ತರಿಸುತ್ತಾರೆ, ಹಿಂಗಾರದ ಸುದ್ದಿ ಯಾವುದರಲ್ಲೂ ಇರುವುದಿಲ್ಲ. ಓದುಗರ ಹೆಸರು, ಫೋನ್ ನಂಬರ್ ಮಾತ್ರ ಬರೆಯಬೇಡಿ. ಯಾರು ಏನು ಓದಲು ಬಯಸಿದರು ಎಂಬುದು ಅವರ ಸ್ವಂತ ವಿಷಯ. ಕೌಂಟರಿನ ಮೇಲೆ ತೆರೆದಿಟ್ಟ ಪುಸ್ತಕದಲ್ಲಿ ಅದು ಇರಬಾರದು. ಸಿಬ್ಬಂದಿಯ ಸಹಿಯೂ ಬೇಡ. ಸಹಿ ಹಾಕಿಸಿದರೆ ಪ್ರತಿ ‘ಇಲ್ಲ’ವೂ ತಮ್ಮ ತಪ್ಪಿನ ಪಟ್ಟಿ ಎಂದು ಅವರಿಗೆ ಅನಿಸುತ್ತದೆ, ಒಂದೇ ವಾರದಲ್ಲಿ ವಹಿ ಖಾಲಿ ಬೀಳುತ್ತದೆ.

ಇನ್ನೊಂದು ತೊಡಕಿದೆ. ಸಂಜೆ ಐದರಿಂದ ಏಳರವರೆಗೆ ಜನ ಹೆಚ್ಚು, ಆದರೆ ನಮೂದು ಕಡಿಮೆ ಕಾಣುತ್ತದೆ. ಆ ಹೊತ್ತಿನಲ್ಲಿ ಬರೆಯಲು ಪುರಸೊತ್ತೇ ಇರುವುದಿಲ್ಲ. ಇದು ಗೊತ್ತಿಲ್ಲದವರು ವಹಿ ನೋಡಿ ‘ಸಂಜೆ ಬೇಡಿಕೆ ಇಲ್ಲ’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಆ ಎರಡು ಗಂಟೆ ಮಾತ್ರ ಒಂದು ಚೀಟಿಯಲ್ಲಿ ಐದು ಮನೆ ಗೆರೆ ಎಳೆದು, 1ರಿಂದ 5ರ ಕೆಳಗೆ ಬರೀ ಗೀಟು ಹಾಕುತ್ತಾ ಹೋಗಿ. ವಿವರ ತಪ್ಪಿದರೂ ಲೆಕ್ಕ ಸಿಗುತ್ತದೆ.

ನಾಲ್ಕು ವಾರದ ನಂತರ ಈ ಐದು ಅಂಕಿಗಳನ್ನು ಕೂಡಿಸಿ ನೋಡಿ. ನಮ್ಮ ಮಟ್ಟಿಗೆ ಅತ್ಯಂತ ಬೆಲೆಯುಳ್ಳದ್ದು 2ನೇ ಅಂಕಿ. ಪುಸ್ತಕ ಇದೆ, ಸಿಗಲಿಲ್ಲ. ಇದನ್ನು ಸರಿ ಮಾಡಲು ಟೆಂಡರ್ ಬೇಡ, ಅನುದಾನ ಬೇಡ; ಕಪಾಟು ಓದಿಸುವ ಕೆಲಸ ಬೇಕು. ಒಂದೊಂದು ಕಪಾಟನ್ನೂ ಕ್ರಮಾಂಕದಂತೆ ನೋಡಿ, ತಪ್ಪಿ ಕೂತ ಪುಸ್ತಕವನ್ನು ತೆಗೆದು ಅದರ ಜಾಗಕ್ಕೆ ಹಾಕುವುದು. 2ನೇ ಅಂಕಿ ಹೆಚ್ಚಿರುವ ಗ್ರಂಥಾಲಯ ಹೊಸ ಪುಸ್ತಕ ತರಿಸುತ್ತಾ ಹೋದರೆ ಆ ಪುಸ್ತಕವೂ ಅದೇ ರಾಶಿಯಲ್ಲಿ ಕಳೆದುಹೋಗುತ್ತದೆ. 3 ಹೆಚ್ಚಿದ್ದರೆ ಅದೇ ಶೀರ್ಷಿಕೆಯ ಇನ್ನೊಂದು ಪ್ರತಿ ಬೇಕು, ಇಲ್ಲವೇ ಕಾಯ್ದಿರಿಸುವ ವ್ಯವಸ್ಥೆ ಬೇಕು. 1 ಹೆಚ್ಚಿದ್ದರೆ ಮಾತ್ರ ಆಯ್ಕೆ ಪಟ್ಟಿಯನ್ನು ಬದಲಿಸುವ ಮಾತು.

ಎರಡನೆಯ ಲೆಕ್ಕ ಕುರ್ಚಿಗಳದ್ದು. ಒಂದು ವಾರ, ಬೆಳಿಗ್ಗೆ 10, ಮಧ್ಯಾಹ್ನ 12, 2, ಸಂಜೆ 4, 6 ಗಂಟೆಗೆ ಒಂದು ಸುತ್ತು ಬಂದು ಎಷ್ಟು ಕುರ್ಚಿಯಲ್ಲಿ ಜನರಿದ್ದಾರೆ, ಎಷ್ಟು ಖಾಲಿ, ಎಷ್ಟರಲ್ಲಿ ಬರೀ ಬ್ಯಾಗ್ ಇದೆ, ಎಷ್ಟು ಜನ ನಿಂತಿದ್ದಾರೆ ಎಂದು ಬರೆಯಿರಿ. ಬರೀ ಬ್ಯಾಗಿನ ಕಲಂ ಮರೆಯಬೇಡಿ. ನಗರದ ಶಾಖೆಗಳ ದೊಡ್ಡ ಜಗಳ ಅಲ್ಲೇ ಇದೆ. ಎಫ್‌ಡಿಎ, ಪಿಡಿಒ, ಪಿಎಸ್‌ಐ, ಕೆಎಎಸ್ ಎಂದು ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬಾಗಿಲು ತೆಗೆಯುವ ಹೊತ್ತಿಗೇ ಬಂದು ತಮ್ಮ ಪುಸ್ತಕ ಇಟ್ಟು ಜಾಗ ಹಿಡಿಯುತ್ತಾರೆ. ಪೇಪರ್ ಓದಲು ಬಂದ ಹಿರಿಯರು ನಿಂತು ಓದಿ ಹೋಗುತ್ತಾರೆ. ಮೇಲಿನವರಿಗೆ ವರದಿ ಹೋಗುವುದು ‘ಆಸನ ಸಾಲದು, ಹೆಚ್ಚುವರಿ 40 ಕುರ್ಚಿ ಬೇಕು’ ಎಂದು. ಅಟೆಂಡರ್ ಅವರನ್ನು ಕೇಳಿ ನೋಡಿ. ‘ಒಂದರಿಂದ ಎರಡೂವರೆವರೆಗೆ ಅರ್ಧ ಕುರ್ಚಿಲಿ ಬ್ಯಾಗೇ ಕೂತಿರ್ತವೆ ಸಾರ್, ಊಟಕ್ಕೆ ಹೋದೋರು ಬರೋದು ಲೇಟು’ ಅನ್ನುತ್ತಾರೆ. ಆಗ ಪರಿಹಾರದ ಸ್ವರೂಪವೇ ಬದಲಾಗುತ್ತದೆ. ಗೋಡೆಗೆ ಬ್ಯಾಗ್ ಇಡುವ ಕಪಾಟು, ನಂಬರಿನ ಟೋಕನ್, 45 ನಿಮಿಷಕ್ಕಿಂತ ಹೆಚ್ಚು ಹೊತ್ತು ಎದ್ದು ಹೋಗುವವರು ಬ್ಯಾಗನ್ನು ಕಪಾಟಿಗೆ ಹಾಕಿ ಹೋಗುವ ನಿಯಮ, ಪೇಪರ್ ಮೇಜಿನ ಸುತ್ತಲಿನ ಎಂಟು ಕುರ್ಚಿ ಪೇಪರ್ ಓದುವವರಿಗೇ ಎಂಬ ಫಲಕ. ಖರ್ಚು ಕೆಲವೇ ಸಾವಿರ. ಆ ಪರೀಕ್ಷಾರ್ಥಿಗಳನ್ನು ಹೊರೆ ಎಂದು ನೋಡುವುದೂ ತಪ್ಪು. ಮನೆಯಲ್ಲಿ ಓದಲು ಒಂದು ಮೂಲೆ ಇಲ್ಲದವರು ಅವರು. ಅವರ ಬ್ಯಾಗಿಗೆ ಒಂದು ಜಾಗ ಮಾಡಿಕೊಟ್ಟರೆ ಕುರ್ಚಿ ಅವರದ್ದೂ ಆಗುತ್ತದೆ, ಹಿರಿಯರದ್ದೂ ಆಗುತ್ತದೆ.

ಮೂರನೆಯದು ಸಮಯದ ಲೆಕ್ಕ. ಐದು ದಿನ, ಪ್ರತಿ ಅರ್ಧ ಗಂಟೆಗೊಮ್ಮೆ ತಾವು ಯಾವ ಕೆಲಸದಲ್ಲಿದ್ದೆವು ಎಂದು ಪ್ರತಿಯೊಬ್ಬರೂ ಒಂದು ಗೀಟು ಹಾಕುವುದು: ಕೊಡು-ಪಡೆ, ಜೋಡಣೆ, ವಹಿ ಬರೆಯುವುದು, ಪತ್ರವ್ಯವಹಾರ, ಓದುಗರಿಗೆ ಹುಡುಕಿಕೊಡುವುದು, ಇತರೆ. ಇದು ಯಾರು ಎಷ್ಟು ದುಡಿಯುತ್ತಾರೆ ಎಂದು ಅಳೆಯಲು ಅಲ್ಲ ಎಂಬುದನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಹಾಳೆಗಳನ್ನು ಹೆಸರಿಲ್ಲದೆ ಒಂದು ಡಬ್ಬಕ್ಕೆ ಹಾಕಿಸಿ, ಮೊತ್ತವನ್ನು ಮಾತ್ರ ಬೋರ್ಡಿನಲ್ಲಿ ಬರೆಯಿರಿ. ಮೊದಲ ಹಾಳೆ ಗ್ರಂಥಪಾಲಕರದ್ದೇ ಇರಲಿ.

ಇನ್ನು ಸಭೆ. ಯಾವತ್ತು ಮಾಡುತ್ತೀರಿ ಎಂಬುದರಲ್ಲೇ ಅರ್ಧ ಫಲಿತಾಂಶ ಇದೆ. ವಾರದ ರಜೆಯ ದಿನ ಕರೆದರೆ ಹೊರಗುತ್ತಿಗೆಯವರು ಸಂಬಳವಿಲ್ಲದೆ ಬರಬೇಕು. ಬಂದರೂ ಮನಸ್ಸು ಮನೆಯಲ್ಲಿರುತ್ತದೆ. ಕೆಲಸದ ದಿನವೇ, ಜನ ಕಡಿಮೆ ಇರುವ ಹೊತ್ತಿನಲ್ಲಿ, ಎರಡೂವರೆ ಗಂಟೆಯ ಸಭೆಯನ್ನು ಎರಡು ಸಲ ಮಾಡಿ. ಮೊದಲ ದಿನ ಅರ್ಧ ಸಿಬ್ಬಂದಿ, ಮರುದಿನ ಉಳಿದರ್ಧ. ಕೌಂಟರ್ ಮುಚ್ಚುವುದಿಲ್ಲ, ಯಾರೂ ತಪ್ಪುವುದಿಲ್ಲ. ಐದಾರು ಜನರ ಗುಂಪು ಮಾಡಿ, ಪ್ರತಿ ಗುಂಪಿನಲ್ಲೂ ಎರವಲು ವಿಭಾಗದವರು ಒಬ್ಬರು, ತಾಂತ್ರಿಕ ವಿಭಾಗದವರು ಒಬ್ಬರು, ಅಟೆಂಡರ್ ಅಥವಾ ಕಾವಲಿನವರು ಒಬ್ಬರು, ಶಾಖೆಯಿಂದ ಬಂದವರು ಒಬ್ಬರು ಇರುವಂತೆ ನೋಡಿಕೊಳ್ಳಿ. ಒಂದೇ ವಿಭಾಗದವರು ಒಟ್ಟಿಗೆ ಕೂತರೆ ಇನ್ನೊಂದು ವಿಭಾಗದ ಮೇಲಿನ ದೂರೇ ಸಭೆಯಾಗುತ್ತದೆ.

ಮುಖ್ಯಸ್ಥರು ಮೊದಲು ಮಾತಾಡಬಾರದು. ಇದು ಮರ್ಯಾದೆಯ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ. ‘ಮಕ್ಕಳ ವಿಭಾಗ ಬಲಪಡಿಸಬೇಕು ಅಂತ ನನ್ನ ಅಭಿಪ್ರಾಯ, ನೀವೂ ಹೇಳಿ’ ಎಂದು ಸಾಹೇಬರು ಶುರು ಮಾಡಿದರೆ ಮುಂದಿನ ಹನ್ನೆರಡು ಜನರೂ ಮಕ್ಕಳ ವಿಭಾಗವನ್ನೇ ಹೇಳುತ್ತಾರೆ. ನಮ್ಮ ಕಚೇರಿಗಳಲ್ಲಿ ಹಿರಿಯರ ಮಾತಿಗೆ ಎದುರಾಡುವ ರೂಢಿಯಿಲ್ಲ. ಅದನ್ನು ಒಂದು ಮಧ್ಯಾಹ್ನದಲ್ಲಿ ಬದಲಿಸಲಾಗುವುದಿಲ್ಲ. ಮಾತಿನ ಬದಲು ಚೀಟಿ ಬಳಸಿ. ಮೊದಲ ಹತ್ತು ನಿಮಿಷ ಯಾರೂ ಮಾತಾಡದೆ ಬರೆಯುವುದು, ಒಂದು ಚೀಟಿಗೆ ಒಂದೇ ವಿಷಯ, ದೂರಕ್ಕೆ ಕಾಣುವ ದಪ್ಪ ಪೆನ್ನಿನಲ್ಲಿ. ಬರೆಯಲು ಮುಜುಗರ ಪಡುವವರ ಪಕ್ಕ ಒಬ್ಬ ಸಹೋದ್ಯೋಗಿ ಕೂತು ಅವರು ಹೇಳಿದ್ದನ್ನು ಹೇಳಿದ ಮಾತಿನಲ್ಲೇ ಬರೆಯಲಿ, ತಿದ್ದದೆ.

ಯಾವ ಪ್ರಶ್ನೆ ಕೇಳುತ್ತೀರಿ? ‘ಗ್ರಂಥಾಲಯಕ್ಕೆ ಏನು ಬೇಕು’ ಎಂದು ಕೇಳಿದರೆ ಹೊಸ ಕಟ್ಟಡ, ಖಾಲಿ ಹುದ್ದೆ ಭರ್ತಿ, ಕಂಪ್ಯೂಟರ್, ಸಂಬಳ ಎಂಬ ಉತ್ತರ ಬರುತ್ತದೆ. ಅವು ನಿಜವಾದ ಕೊರತೆಗಳೇ, ಆದರೆ ಆ ಕೋಣೆಯಲ್ಲಿರುವ ಯಾರ ಕೈಯಲ್ಲೂ ಅವುಗಳ ಪರಿಹಾರ ಇಲ್ಲ. ‘ಕಳೆದ ನಾಲ್ಕು ವಾರದಲ್ಲಿ ನಿಮ್ಮ ಕಣ್ಣೆದುರು ಯಾರು, ಯಾತಕ್ಕೆ ಬಂದು ಬರಿಗೈಲಿ ಹೋದರು’ ಎಂದು ಕೇಳಿ. ‘ಇಲ್ಲ’ ವಹಿ ಮೇಜಿನ ಮೇಲೆ ತೆರೆದಿರಲಿ.

ಚೀಟಿಗಳು ಗೋಡೆಗೆ ಏರಿದ ಮೇಲೆ ಮೂರು ಚಾರ್ಟ್ ಹಾಳೆ ಅಂಟಿಸಿ. ನಾವೇ ನಾಳೆಯಿಂದ ಮಾಡಬಹುದಾದದ್ದು. ಗ್ರಂಥಪಾಲಕರ ಸಹಿ ಬೇಕಾದದ್ದು. ಮೇಲಿನ ಅನುಮತಿ ಅಥವಾ ಹಣ ಬೇಕಾದದ್ದು. ಕಟ್ಟಡ, ಹುದ್ದೆ, ಸಂಬಳ ಮೂರನೆಯದಕ್ಕೆ ಹೋಗುತ್ತವೆ. ಈ ಮೂರನೇ ಹಾಳೆಯನ್ನು ಮಡಚಿ ಬೀರುವಿನಲ್ಲಿಟ್ಟರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ಅದನ್ನು ಅದೇ ವಾರ ಪತ್ರವಾಗಿ ಬರೆದು, ರವಾನೆ ಸಂಖ್ಯೆ ಮತ್ತು ದಿನಾಂಕ ಹಾಕಿ ಕಳಿಸಿ, ಪ್ರತಿಯನ್ನು ಸಿಬ್ಬಂದಿ ಕೋಣೆಯ ಗೋಡೆಗೆ ಅಂಟಿಸಿ. ಉತ್ತರ ಬರಲಿ ಬಿಡಲಿ, ಅವರ ಮಾತು ಕೋಣೆಯಿಂದ ಹೊರಗೆ ಹೋಯಿತು ಎಂಬುದು ಅವರಿಗೆ ಕಾಣಬೇಕು.

ಆಯ್ಕೆ ಮಾಡುವಾಗ ಪ್ರತಿಯೊಬ್ಬರಿಗೂ ಮೂರು ಮತ. ಅಂಗಡಿಯಲ್ಲಿ ಸಿಗುವ ಬಿಂದಿ ಪ್ಯಾಕೆಟ್ ಸಾಕು, ಚೀಟಿಯ ಮೇಲೆ ಅಂಟಿಸುತ್ತಾ ಹೋಗುವುದು. ಸಾಹೇಬರ ಬಿಂದಿ ಎಲ್ಲಿ ಬಿತ್ತು ಎಂದು ನೋಡಿಕೊಂಡು ಉಳಿದವರು ಅಲ್ಲೇ ಅಂಟಿಸುವುದುಂಟು. ಹಾಗಾಗುತ್ತದೆ ಎನಿಸಿದರೆ ಚೀಟಿಗಳಿಗೆ ನಂಬರ್ ಕೊಟ್ಟು, ಮತವನ್ನು ಮಡಚಿದ ಕಾಗದದಲ್ಲಿ ಬರೆಸಿ ಎಣಿಸಿ. ಮೊದಲ ವರ್ಷಕ್ಕೆ ಮೂರೋ ನಾಲ್ಕೋ ಸೇವೆ ಸಾಕು. ಹನ್ನೆರಡು ಇಟ್ಟುಕೊಂಡವರು ಯಾವುದನ್ನೂ ಮುಗಿಸುವುದಿಲ್ಲ.

ಈಗ ನಮ್ಮ ಯೋಜನೆಗಳು ಹೆಚ್ಚಾಗಿ ಮುರಿದು ಬೀಳುವ ಜಾಗಕ್ಕೆ ಬರೋಣ. ಹೊಸ ಸೇವೆಗೆ ಸಮಯ ಎಲ್ಲಿಂದ ಬರುತ್ತದೆ?

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ, ಬೆಂಗಳೂರಿನಲ್ಲಿ ತಮ್ಮ ಕೊನೆಯ ವರ್ಷಗಳನ್ನು ಕಳೆದ ಎಸ್. ಆರ್. ರಂಗನಾಥನ್ ಅವರ ಗ್ರಂಥಾಲಯ ಪಂಚಸೂತ್ರಗಳನ್ನು ನಾವು ಪ್ರತಿ ವರ್ಷ ಗ್ರಂಥಪಾಲಕರ ದಿನವಾದ ಆಗಸ್ಟ್ 12ರಂದು ತಪ್ಪದೆ ಪಠಿಸುತ್ತೇವೆ. ಎಷ್ಟು ಕೆಲಸಕ್ಕೆ ಎಷ್ಟು ಜನ ಬೇಕು ಎಂದು ಲೆಕ್ಕ ಹಾಕುವ ಅವರ ಸಿಬ್ಬಂದಿ ಸೂತ್ರವನ್ನು ಮಾತ್ರ ಪರೀಕ್ಷೆ ಮುಗಿದ ಮೇಲೆ ಯಾರೂ ತೆಗೆದು ನೋಡುವುದಿಲ್ಲ. ಅದರಲ್ಲಿ ಕೌಂಟರಿನ ಲೆಕ್ಕ ಬಹಳ ಸರಳ: ಒಂದು ವರ್ಷದಲ್ಲಿ ಕೌಂಟರ್ ತೆರೆದಿರುವ ಒಟ್ಟು ಗಂಟೆಗಳನ್ನು 1500ರಿಂದ ಭಾಗಿಸಿ. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ಅಂದರೆ 3000 ಗಂಟೆ. ಒಂದೇ ಕೌಂಟರಿಗೆ ಇಬ್ಬರು ಬೇಕು. ಪರಾಮರ್ಶನ ಸೇವೆಗೆ, ಅಂದರೆ ಓದುಗರಿಗೆ ಬೇಕಾದ್ದನ್ನು ಹುಡುಕಿಕೊಡುವ ಕೆಲಸಕ್ಕೆ, ದಿನಕ್ಕೆ 50 ಓದುಗರಿಗೆ ಒಬ್ಬರಂತೆ; ಅದನ್ನು ಕೆಲಸದ ದಿನಗಳಿಗೆ ಹೊಂದಿಸಲು, ತೆರೆದಿರುವ ದಿನಗಳನ್ನು 250ರಿಂದ ಭಾಗಿಸಿ ಗುಣಿಸಬೇಕು. ದಿನಕ್ಕೆ 200 ಓದುಗರು ಬರುವ, 300 ದಿನ ತೆರೆದಿರುವ ಗ್ರಂಥಾಲಯಕ್ಕೆ ನಾಲ್ಕು ಗುಣಿಸು 1.2, ಅಂದರೆ ಹೆಚ್ಚುಕಡಿಮೆ ಐದು ಜನ. ನಮ್ಮ ಎಷ್ಟೋ ಶಾಖೆಗಳಲ್ಲಿ ಎಲ್ಲ ಕೆಲಸಕ್ಕೂ ಸೇರಿ ಅಷ್ಟು ಜನ ಇಲ್ಲ.

ಇದನ್ನು ಹೇಳುತ್ತಿರುವುದು ಕೈಚೆಲ್ಲಲು ಅಲ್ಲ. ಆ 1500 ಎಂಬ ಸಂಖ್ಯೆಯನ್ನು ನಮ್ಮ ಯೋಜನೆಯ ನಾಣ್ಯವಾಗಿ ಬಳಸೋಣ ಎಂದು. ರಜೆ, ಸಭೆ, ತರಬೇತಿ ಕಳೆದು ಒಬ್ಬ ವ್ಯಕ್ತಿಯಿಂದ ವರ್ಷಕ್ಕೆ ಸಿಗುವುದು ಅಷ್ಟೇ ಎಂದು ಇಟ್ಟುಕೊಳ್ಳಿ. ನಡೆಯಲಾಗದ ಹಿರಿಯರ ಮನೆಗೆ ವಾರಕ್ಕೊಮ್ಮೆ ಪುಸ್ತಕ ತಲುಪಿಸುವ ಸೇವೆ ಬೇಕು ಎಂದು ಸಭೆ ಆರಿಸಿತು ಅನ್ನಿ. ವಾರಕ್ಕೆ 3 ಗಂಟೆ, 50 ವಾರ, 150 ಗಂಟೆ. ಒಬ್ಬರ ವರ್ಷದ ಹತ್ತನೇ ಒಂದು ಭಾಗ. ಅದನ್ನು ಯಾವ ಕೆಲಸದಿಂದ ಕಳೆಯುತ್ತೀರಿ? ಉತ್ತರವಿಲ್ಲದಿದ್ದರೆ ಆ ಸೇವೆ ಉದ್ಘಾಟನೆಯ ಫೋಟೋದಲ್ಲೇ ಉಳಿಯುತ್ತದೆ.

ಸಮಯದ ಹಾಳೆ ಇಲ್ಲಿ ಕೈ ಹಿಡಿಯುತ್ತದೆ. ಗಣಕೀಕರಣವಾದ ಮೇಲೂ ಕೊಹಾ, ಇ-ಗ್ರಂಥಾಲಯದಂಥ ಗ್ರಂಥಾಲಯ ತಂತ್ರಾಂಶದಲ್ಲಿ ಒಂದು ಸಲ, ಕೈಬರಹದ ವಹಿಯಲ್ಲಿ ಇನ್ನೊಂದು ಸಲ ಎರವಲು ನಮೂದಿಸುವ ಕಡೆ ಲೆಕ್ಕ ಹಾಕಿ ನೋಡಿ. ಒಂದು ನಮೂದಿಗೆ ಒಂದು ನಿಮಿಷ, ದಿನಕ್ಕೆ 120 ಪುಸ್ತಕ ಅಂದರೆ 2 ಗಂಟೆ. 300 ದಿನಕ್ಕೆ 600 ಗಂಟೆ. ಮೇಲೆ ಹೇಳಿದ ಸೇವೆಯ ನಾಲ್ಕು ಪಟ್ಟು. ಆದರೆ ‘ನಾಳೆಯಿಂದ ಕೈಬರಹ ಬೇಡ’ ಎಂದು ಬಾಯಲ್ಲಿ ಹೇಳಿದರೆ ಯಾವ ಸಹಾಯಕರೂ ನಿಲ್ಲಿಸುವುದಿಲ್ಲ, ನಿಲ್ಲಿಸಲೂಬಾರದು. ಆಡಿಟ್ ದಿನ ಉತ್ತರ ಕೊಡಬೇಕಾದವರು ಅವರು. ದಿನದ ಕೊನೆಗೆ ತಂತ್ರಾಂಶದಿಂದ ಮುದ್ರಿಸಿ ಸಹಿ ಮಾಡಿದ ಪಟ್ಟಿಯೇ ಅಧಿಕೃತ ದಾಖಲೆ ಎಂಬ ಲಿಖಿತ ಆದೇಶ ಮೊದಲು ಬರಬೇಕು. ಕರೆಂಟ್ ಹೋದ ಹೊತ್ತಿಗೆ ಬರೆಯಲು ಒಂದು ತೆಳುವಾದ ಪುಸ್ತಕ ಇರಲಿ. ಹೊಸ ಸೇವೆಯ ಪಕ್ಕದಲ್ಲೇ ‘ಇದಕ್ಕಾಗಿ ನಿಲ್ಲಿಸಿದ ಕೆಲಸ’ ಎಂಬ ಕಲಂ ಇಲ್ಲದ ಯೋಜನೆಗೆ ಸಹಿ ಹಾಕಬೇಡಿ ಎಂದು ಗ್ರಂಥಪಾಲಕರನ್ನು ಕೇಳಿಕೊಳ್ಳುತ್ತೇವೆ.

ಸಿಬ್ಬಂದಿಯಿಂದ ಬರುವ ಸಲಹೆಗಳಲ್ಲಿ ಕೆಲವು ಖರ್ಚೇ ಇಲ್ಲದವು, ಆದರೆ ಮೇಜಿನ ಹಿಂದೆ ಕೂತವರಿಗೆ ಹೊಳೆಯದಂಥವು. ಒಂದನ್ನು ಹತ್ತಿರದಿಂದ ನೋಡೋಣ. ಪುಸ್ತಕಗಳನ್ನು ವಿಷಯಕ್ಕೊಂದು ಸಂಖ್ಯೆ ಕೊಟ್ಟು ವಿಂಗಡಿಸುವ ಡ್ಯೂಯಿ ಕ್ರಮದಲ್ಲಿ ಕನ್ನಡ ಸಾಹಿತ್ಯಕ್ಕೆ 894.814. ಕಾದಂಬರಿ ಎಂದರೆ ಅದರ ಕೊನೆಗೆ ಒಂದು 3. ನೂರಾರು ಕಾದಂಬರಿಗಳ ಬೆನ್ನಿನ ಮೇಲೆ ಒಂದೇ ವರ್ಗಸಂಖ್ಯೆ, ಕೆಳಗೆ ಲೇಖಕರ ಗುರುತು. ಹೊಸ ಓದುಗರು ಆ ಗೋಡೆಯ ಮುಂದೆ ನಿಂತು ಕಂಗಾಲಾಗುತ್ತಾರೆ. ಅವರು ಕೈ ಹಾಕುವುದು ಎಲ್ಲಿಗೆ ಗೊತ್ತೇ? ಈಗಷ್ಟೇ ವಾಪಸ್ ಬಂದು ಟ್ರಾಲಿಯ ಮೇಲೆ ಬಿದ್ದಿರುವ ಪುಸ್ತಕಗಳಿಗೆ. ಯಾರೋ ಓದಿ ತಂದಿದ್ದಾರೆ ಎಂಬುದೇ ಅವುಗಳ ಶಿಫಾರಸು. ಜೊತೆಗೆ ಅವು ಎದೆಮಟ್ಟದಲ್ಲಿರುತ್ತವೆ, ಬಗ್ಗಬೇಕಿಲ್ಲ. ಅಟೆಂಡರ್‌ಗಳು ಇದನ್ನು ದಿನಾ ನೋಡುತ್ತಾರೆ, ಏಕೆಂದರೆ ಜೋಡಿಸಲು ಹೋಗುವ ಮುಂಚೆಯೇ ಟ್ರಾಲಿ ಅರ್ಧ ಖಾಲಿಯಾಗಿರುತ್ತದೆ. ಹಾಗಾದರೆ ಆ ಟ್ರಾಲಿಯನ್ನು ಕೌಂಟರಿನ ಹಿಂದಿನಿಂದ ಮುಂದಕ್ಕೆ ತನ್ನಿ, ‘ನಿನ್ನೆ ಓದಿ ತಂದವು’ ಎಂದು ಒಂದು ಫಲಕ ಹಾಕಿ, ಒಂದು ದಿನ ಅಲ್ಲೇ ಬಿಡಿ. ಓದುಗರಿಗೆ ಹುಡುಕಾಟ ಉಳಿಯುತ್ತದೆ, ಅಟೆಂಡರ್‌ಗೆ ಜೋಡಣೆ ಉಳಿಯುತ್ತದೆ. ಒಂದೇ ಎಚ್ಚರ: ಆ ಪುಸ್ತಕಗಳನ್ನು ವಾಪಸ್ ನಮೂದಿಸಿದ ಮೇಲೆಯೇ ಟ್ರಾಲಿಗೆ ಹಾಕಬೇಕು, ಇಲ್ಲದಿದ್ದರೆ ಮೊದಲ ಓದುಗರ ಲೆಕ್ಕದಲ್ಲೇ ಪುಸ್ತಕ ಎರಡನೆಯವರ ಮನೆ ಸೇರುತ್ತದೆ.

ಓದುಗರನ್ನು ಯಾವಾಗ ಕರೆಯಬೇಕು? ಸಿಬ್ಬಂದಿಯ ಕರಡು ಸಿದ್ಧವಾದ ಮೇಲೆ. ಮೊದಲ ಸಭೆಗೇ ಕರೆದರೆ ಸಿಬ್ಬಂದಿ ತಮ್ಮ ಕೆಲಸವನ್ನು ಸಮರ್ಥಿಸಿಕೊಳ್ಳುವುದರಲ್ಲೇ ಕಳೆಯುತ್ತಾರೆ. ಆರೆಂಟು ಜನ ಸಾಕು. ದಿನಾ ಬರುವವರಷ್ಟೇ ಅಲ್ಲ, ಒಮ್ಮೆ ಸದಸ್ಯರಾಗಿ ಬರುವುದು ಬಿಟ್ಟವರಲ್ಲಿ ಇಬ್ಬರನ್ನಾದರೂ ಫೋನ್ ಮಾಡಿ ಕರೆಸಿ.

ಬರೆಯುವ ಭಾಷೆಯ ಬಗ್ಗೆ. ‘ಓದುಗಸ್ನೇಹಿ ಸೇವೆಗಳ ಬಲವರ್ಧನೆ’ ಎಂದು ಬರೆದರೆ ಸೋಮವಾರ ಬೆಳಿಗ್ಗೆ ಯಾರು ಏನು ಮಾಡಬೇಕು ಎಂದು ಗೊತ್ತಾಗುವುದಿಲ್ಲ. ‘ಪ್ರತಿ ಶನಿವಾರ 10ರಿಂದ 12ರವರೆಗೆ ಮಕ್ಕಳ ಕಪಾಟಿನ ಬಳಿ ಒಬ್ಬ ಸಹಾಯಕರು ಇರುತ್ತಾರೆ, ಅವರು ರಜೆಯಾದರೆ ಎರವಲು ವಿಭಾಗದ ಎರಡನೆಯವರು’ ಎಂದರೆ ಗೊತ್ತಾಗುತ್ತದೆ. ಒಂದು ಸೇವೆಗೆ ಒಂದೇ ಪುಟ. ಯಾರಿಗಾಗಿ, ಯಾರು, ಯಾವಾಗ, ಏನು ನಿಲ್ಲಿಸಿ, ನಡೆಯುತ್ತಿದೆ ಎಂದು ಯಾವುದರಿಂದ ತಿಳಿಯುತ್ತದೆ, ಯಾವತ್ತು ಮತ್ತೆ ನೋಡುತ್ತೇವೆ. ವ್ಯಕ್ತಿಯ ಹೆಸರಿನ ಬದಲು ಹುದ್ದೆ ಬರೆಯಿರಿ, ವರ್ಗಾವಣೆ ಯಾರನ್ನೂ ಬಿಟ್ಟಿಲ್ಲ. ಮುಖ್ಯಸ್ಥರು ಬದಲಾದ ದಿನ ಯೋಜನೆಯೂ ಅವರ ಹಿಂದೆಯೇ ಹೋಗುವುದು ನಮ್ಮಲ್ಲಿ ಮಾಮೂಲು. ಅಧಿಕಾರ ವಹಿಸಿಕೊಡುವ ಚಾರ್ಜ್ ಪಟ್ಟಿಯಲ್ಲಿ ಬೀರು, ಬೀಗದ ಕೈ, ನಗದು ಪುಸ್ತಕದ ಜೊತೆ ಈ ಪುಟಗಳನ್ನೂ ಒಂದು ಐಟಂ ಆಗಿ ಸೇರಿಸಿ. ಹೊಸಬರು ಬದಲಿಸಲಿ, ಬೇಡವೆನ್ನಲಿ. ಆದರೆ ಗೊತ್ತೇ ಇರಲಿಲ್ಲ ಎನ್ನುವಂತಾಗಬಾರದು.

ಎಲ್ಲ ಶಾಖೆಗಳಲ್ಲಿ ಒಂದೇ ಸಲ ಶುರು ಮಾಡಬೇಡಿ. ಎರಡು ಶಾಖೆ, ಆರು ವಾರ. ಅತ್ಯುತ್ತಮ ಶಾಖೆಯನ್ನು ಆರಿಸಿಕೊಳ್ಳುವುದೂ ಬೇಡ. ಅಲ್ಲಿ ಏನು ಮಾಡಿದರೂ ಗೆಲ್ಲುತ್ತದೆ, ನಮಗೆ ಏನೂ ತಿಳಿಯುವುದಿಲ್ಲ. ಸಾಧಾರಣ ಶಾಖೆಯಲ್ಲಿ ನಡೆದರೆ ಬೇರೆ ಕಡೆಯೂ ನಡೆಯುತ್ತದೆ. ಆಮೇಲೆ ತಿಂಗಳಿಗೊಮ್ಮೆ 20 ನಿಮಿಷ, 90 ದಿನಕ್ಕೊಮ್ಮೆ ಒಂದು ಗಂಟೆ. ನಡವಳಿಯಲ್ಲಿ ಏನು ಕೈಬಿಟ್ಟೆವು, ಏಕೆ ಎಂಬುದೂ ಇರಲಿ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಂದ ಬಂದವರು ಇಷ್ಟು ಹೊತ್ತು ಯೋಚಿಸುತ್ತಿರಬಹುದು: ‘ನಮ್ಮಲ್ಲಿ ಇರೋದೇ ಒಬ್ಬರು, ಯಾರ ಜೊತೆ ಕೂತು ಯೋಜನೆ ಮಾಡೋದು?’ ನ್ಯಾಯವಾದ ಪ್ರಶ್ನೆ. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅರಿವು ಕೇಂದ್ರಗಳಾಗಿವೆ. ಐದೂವರೆ ಸಾವಿರಕ್ಕೂ ಹೆಚ್ಚು ಕಡೆ ಒಬ್ಬೊಬ್ಬ ಮೇಲ್ವಿಚಾರಕರು ಬಾಗಿಲು ತೆಗೆಯುವುದರಿಂದ ಹಿಡಿದು ಎಲ್ಲವನ್ನೂ ಮಾಡುತ್ತಾರೆ. ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 2020ರಿಂದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟ ಮೇಲೆ ಬರುವವರಲ್ಲಿ ಮಕ್ಕಳ ಪಾಲು ದೊಡ್ಡದು. ಇಲ್ಲಿ ಸಹೋದ್ಯೋಗಿ ಅಂದರೆ ಪಕ್ಕದ ಪಂಚಾಯಿತಿಯವರು. ಎಂಟು ಹತ್ತು ಮೇಲ್ವಿಚಾರಕರು ತಾಲ್ಲೂಕು ಸಭೆಗೆ ಬಂದಾಗ ಸುತ್ತೋಲೆ, ವರದಿಗಳಿಗೆ ಮುಂಚಿನ 45 ನಿಮಿಷ ಕೇಳಿ ಪಡೆಯಿರಿ. ಸುತ್ತೋಲೆ ಮುಗಿದ ಮೇಲೆ ಅಂದರೆ ಬಸ್ಸಿನ ಹೊತ್ತಾಗಿರುತ್ತದೆ. ಎಲ್ಲರೂ ತಮ್ಮ ‘ಇಲ್ಲ’ ವಹಿ ತರಲಿ, ಮೂರಕ್ಕಿಂತ ಹೆಚ್ಚು ಕಡೆ ಕಂಡ ಕೇಳಿಕೆಯನ್ನು ಮಾತ್ರ ಬೋರ್ಡಿಗೆ ಏರಿಸಿ.

ಹೀಗೆ ಕೂತಾಗ ಸಹಜವಾಗಿ ಬರುವ ಆಲೋಚನೆ ಪುಸ್ತಕಗಳ ಓಡಾಟ. ಐದು ಪಂಚಾಯಿತಿ, ತಲಾ 50 ಪುಸ್ತಕದ ಒಂದು ಗಂಟು, ಎರಡು ತಿಂಗಳಿಗೊಮ್ಮೆ ಮುಂದಿನ ಊರಿಗೆ. ಪ್ರತಿ ಊರಿನ ಮಕ್ಕಳಿಗೆ ಹತ್ತು ತಿಂಗಳಲ್ಲಿ 250 ಪುಸ್ತಕ ಸಿಗುತ್ತದೆ, ಹೊಸ ಖರೀದಿ ಇಲ್ಲದೆ. ಇದು ನಿಲ್ಲುವುದು ಸಾಗಣೆಯಿಂದಲ್ಲ, ಭಯದಿಂದ. ಬಂದ ಪ್ರತಿ ಪುಸ್ತಕಕ್ಕೂ ಸಂಖ್ಯೆ ಕೊಟ್ಟು ದಾಖಲಿಸುವ ಪರಿಗ್ರಹಣ ವಹಿಯಲ್ಲಿ ಆ ಪುಸ್ತಕ ಒಂದು ಪಂಚಾಯಿತಿಯ ಹೆಸರಿನಲ್ಲೇ ಇರುತ್ತದೆ, ಕಳೆದರೆ ತಮ್ಮ ಕೈಯಿಂದ ಕಟ್ಟಬೇಕಾದೀತು ಎಂಬ ಅಳುಕು ಮೇಲ್ವಿಚಾರಕರಿಗಿರುತ್ತದೆ. ಸಣ್ಣ ಸಂಬಳದಲ್ಲಿ ಬದುಕುವವರಿಗೆ ಆ ಅಳುಕು ಸಣ್ಣದಲ್ಲ. ಪರಿಗ್ರಹಣ ಸಂಖ್ಯೆಯ ಪಟ್ಟಿ ಎರಡು ಪ್ರತಿ, ಕೊಟ್ಟವರ ಮತ್ತು ಪಡೆದವರ ಸಹಿ, ಜೊತೆಗೆ ಇಂತಿಷ್ಟು ಪುಸ್ತಕ ಹರಿದರೆ ಅಥವಾ ಕಳೆದರೆ ಅದನ್ನು ಬಳಕೆಯ ನಷ್ಟವೆಂದು ಪರಿಗಣಿಸುತ್ತೇವೆ ಎಂಬ ಪಂಚಾಯಿತಿಗಳ ಲಿಖಿತ ತೀರ್ಮಾನ. ಇದು ಬರುವವರೆಗೆ ಗಂಟು ಕಟ್ಟಬೇಡಿ. ಹಣ ಬೇಕಾದ ವಿಷಯಗಳನ್ನು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ತಯಾರಾಗುವ ಮುಂಚೆ ಪಿಡಿಒ ಅವರಿಗೆ ತಲುಪಿಸಿ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಕೇಳಿದರೆ ಇನ್ನೂ ಒಳ್ಳೆಯದು.

ಉಪನ್ಯಾಸದ ಕೊನೆಗೆ ಬಂದ ಒಂದು ಪ್ರಶ್ನೆ ಹೀಗಿತ್ತು: ಮೇಲಿನವರಿಗೆ ಇದರಲ್ಲಿ ಆಸಕ್ತಿಯೇ ಇಲ್ಲದಿದ್ದರೆ, ಒಬ್ಬ ಸಹಾಯಕರು ಏನು ಮಾಡಬಹುದು?

‘ಇಲ್ಲ’ ವಹಿಗೆ ಯಾರ ಅನುಮತಿಯೂ ಬೇಡ. ಒಂದು ನೋಟ್‌ಬುಕ್, ಒಂದು ಕೌಂಟರ್, ನಾಲ್ಕು ವಾರ. ಆಮೇಲೆ ಅರ್ಧ ಹಾಳೆಯಲ್ಲಿ ಅತಿ ಹೆಚ್ಚು ಸಲ ಬಂದ ಐದು ಕೇಳಿಕೆ, ಪ್ರತಿಯೊಂದರ ಎದುರು ಎಷ್ಟು ಸಲ ಎಂಬ ಸಂಖ್ಯೆ, ಪಕ್ಕದಲ್ಲಿ 1ರಿಂದ 5ರ ಕಾರಣ. ದೂರು ಬೇಡ, ಸಲಹೆಯೂ ಬೇಡ. ತಿಂಗಳ ಅಂಕಿ ಅಂಶದ ಹಾಳೆ ಸಹಿಗೆ ಹೋಗುವಾಗ ಅದರ ಹಿಂದೆ ಪಿನ್ ಮಾಡಿ ಇಡಿ. ಮುಂದಿನ ತಿಂಗಳೂ ಇಡಿ. ಎರಡನೇ ತಿಂಗಳು ಅದೇ ಕೇಳಿಕೆ, ಅದೇ ಸಂಖ್ಯೆ ಕಂಡಾಗ ‘ಇದೇನು’ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆ ಬಂದ ದಿನ ವಹಿಯನ್ನು ತೆಗೆದುಕೊಂಡು ಹೋಗಿ, 2ನೇ ಅಂಕಿ ಇರುವ ಪುಟವನ್ನು ಮೊದಲು ತೋರಿಸಿ. ಅದಕ್ಕೆ ಅವರು ಹಣ ಹುಡುಕಬೇಕಿಲ್ಲ, ಇಬ್ಬರಿಗೆ ಎರಡು ಮಧ್ಯಾಹ್ನ ಕಪಾಟು ಓದಲು ಬಿಡುವು ಕೊಟ್ಟರೆ ಸಾಕು.